ಕೂಗುಬುರುಡೆ

ಜೂನ್ 9

ಮಿಮೋಸಾಳ ಕರು ಹೋಯಿತು. ಬೇಲಿಯ ಹಿಂದೆ, ನೆರೆನೀರು ಬಂದು ನಿಂತಿರುವ ಅಂಚಿನಲ್ಲಿ, ಎಳೆದುಕೊಂಡು ಹೋದ ಗುರುತು ಮಾತ್ರ ಉಳಿದಿದೆ. ಕೆಸರಿನಲ್ಲಿ ಮೂಡಿರುವ ಹೆಜ್ಜೆ ನನ್ನ ಅಂಗೈಗಿಂತ ಅಗಲ. ಆಚೆ ದಡದ ಜಾಗ್ವಾರ್ ಹೊಳೆ ಈಜಿ ಬಂದು ಹೊತ್ತುಕೊಂಡು ಹೋಗಿದೆ. ಆ ಹಾಳು ಮೃಗದ ಹೊಟ್ಟೆ ಸೇದಿಹೋಗಲಿ.

ನಾನು ಅಳುತ್ತಿರುವುದು ಬರೀ ಕರುವಿಗಾಗಿ ಅಲ್ಲ. ಕರು ಬಾಯಿ ಹಾಕದೆ ಮಿಮೋಸಾ ಹಾಲಿಳಿಸುವುದಿಲ್ಲ. ಎರಡು ಸಲ ಚೊಂಬು ಹಿಡಿದು ಕೂತೆ, ಎರಡು ಸಲವೂ ಒದೆಸಿಕೊಂಡೆ. ಅಪ್ಪ ಬಾಯಿಗೆ ಹಾಕುತ್ತಿದ್ದದ್ದು ಆ ಹಾಲಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಗಂಜಿಯೊಂದನ್ನೇ. ಈಸ್ಟರಿಗೆ ಮುಂಚೆ ಅಮ್ಮನನ್ನು ಮಣ್ಣು ಮಾಡಿ ಬಂದ ದಿನದಿಂದ ಅವನು ಗೋಡೆ ಕಡೆ ಮುಖ ತಿರುಗಿಸಿ ಮಲಗಿಬಿಟ್ಟಿದ್ದಾನೆ. ಈಟಿಯೊಂದನ್ನೇ ಹಿಡಿದು ಜಾಗ್ವಾರ್ ಎದುರು ನಿಲ್ಲುತ್ತಿದ್ದ ನನ್ನಪ್ಪ ಇಪೋಲಿತೊ ಈಗ ಗಂಜಿಯ ಚಮಚ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಹೀಗೇ ಆದರೆ ಹಸಿದೇ ಸಾಯುತ್ತಾನೆ. ಇದನ್ನು ಬರೆಯಲೂ ಭಯವಾಗುತ್ತದೆ, ಬರೆಯದಿದ್ದರೂ ಭಯವಾಗುತ್ತದೆ.

ಮಧ್ಯಾಹ್ನ ಅಡೆಮಾರ್ ಸಾಮಾನಿನ ದೋಣಿ ತಂದ. ಕೊರುಂಬಾ ಪಟ್ಟಣದ ರೇಡಿಯೊಗೆ ಒಂದು ಸಂದೇಶ ಕೊಡು ಎಂದು ಹೇಳಿ ಕಳಿಸಿದ್ದೇನೆ. ಕ್ಲೊಡೊಮೀರೊ ನಾಯಿಗಳನ್ನು ಕರೆದುಕೊಂಡು ಬರಲಿ. ಅವನು ನನ್ನ ಮಗಳು ಇವೊನೇತಿಯ ಧರ್ಮಪಿತ, ಅಪ್ಪನ ಹತ್ತಿರವೇ ಬೇಟೆ ಕಲಿತವನು, ಇಲ್ಲ ಎನ್ನುವುದಿಲ್ಲ.

ಕೊರುಂಬಾದಲ್ಲಿ ಇವೊನೇತಿಯ ಮನೆ ಇದೆ, ನನಗೆ ಅಂತ ಒಂದು ಕೋಣೆ ಇದೆ. ನನ್ನ ಪೆಟ್ಟಿಗೆ ಈಸ್ಟರಿನಿಂದ ಕಟ್ಟಿದ್ದು ಕಟ್ಟಿದ ಹಾಗೇ ಬಾಗಿಲ ಹಿಂದೆ ಕೂತಿದೆ. ಅಪ್ಪನದೊಂದು ದಾರಿಯಾದ ದಿನ ನಾನು ಹೊರಡುವವಳೇ. ಈ ಕೆಸರು, ಈ ಸೊಳ್ಳೆ, ಈ ಮೃಗಗಳ ಋಣ ಸಾಕು.

ಜೂನ್ 11

ಮಧ್ಯಾಹ್ನದ ಸಂದೇಶಗಳಲ್ಲಿ, ಸೋಪಿನ ಜಾಹೀರಾತು ಮುಗಿದ ಮೇಲೆ, ನನ್ನದನ್ನು ಓದಿದರು. 'ಡೆಲ್ಮೀರಾ ಅವರಿಂದ ಕ್ಲೊಡೊಮೀರೊ ಅವರಿಗೆ: ನಮ್ಮಲ್ಲಿ ಕಾಡುಹಂದಿ ಕಾಟ ಹೆಚ್ಚಾಗಿದೆ, ನಾಯಿಗಳ ಸಮೇತ ಬನ್ನಿ.'

ಜಾಗ್ವಾರ್ ಕೊಲ್ಲುವುದು ಅಪರಾಧ ಎಂದು ಕಾನೂನು ಬಂದ ಮೇಲೆ ನಮ್ಮ ಕಡೆಯ ಕಾಡುಹಂದಿಗಳಿಗೆಲ್ಲ ಮೈಮೇಲೆ ಚುಕ್ಕೆ ಬಂದಿವೆ. ಹೊಳೆಯುದ್ದಕ್ಕೂ ಇದು ಗೊತ್ತಿಲ್ಲದವರು ಯಾರೂ ಇಲ್ಲ.

ಅಪ್ಪನಿಗೂ ಕೇಳಿಸಿರಬೇಕು.

ಜೂನ್ 16

ದಕ್ಷಿಣದಿಂದ ಚಳಿಗಾಳಿ ಎದ್ದಿದೆ. ಮನೆಯ ಹೊದಿಕೆ ಸಾಲದೆ ನನ್ನ ಪೆಟ್ಟಿಗೆಯಿಂದ ಉಣ್ಣೆಯ ಕಂಬಳಿ ತೆಗೆದು ಅಪ್ಪನಿಗೆ ಹೊದಿಸಿದೆ.

ಬೆಳಕು ಹರಿಯುವಾಗ ಆಚೆ ದಡದಲ್ಲಿ ಅದು ಕೂಗಿತು. ಒಣಮರಕ್ಕೆ ಗರಗಸ ಹಾಕಿ ಎಳೆದ ಹಾಗೆ, ಎಳೆದಷ್ಟೂ ಒರಟಾಗುವ ಸದ್ದು. ಮಿಮೋಸಾ ಗೊರಸು ಬಡಿಯತೊಡಗಿದಳು. ನಮ್ಮ ನಾಯಿ ಪಿಲೋತೊ ಒಲೆಯ ಪಕ್ಕದಿಂದ ಮೇಲೇಳಲಿಲ್ಲ, ಅವನಿಗೆ ತನ್ನ ಯೋಗ್ಯತೆ ಗೊತ್ತು.

ಬೆಳಿಗ್ಗೆ ಪಿರಾನ್ಹಾ ಮೀನಿನ ಸಾರು ಮಾಡಿದೆ. ನಮ್ಮಲ್ಲಿ ಬಾಣಂತಿಗೂ ಮುದುಕರಿಗೂ ಅದೇ ಮದ್ದು. ಬಟ್ಟಲು ತೆಗೆದುಕೊಂಡು ಹೋದರೆ ಅಪ್ಪ ಈ ಕಡೆ ತಿರುಗಿ ಮಲಗಿದ್ದ. "ಏನದು ವಾಸನೆ?" ಎಂದ. ಎಷ್ಟೋ ವಾರಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಪ್ರಶ್ನೆ ಅದು. ಬಟ್ಟಲು ಖಾಲಿ ಮಾಡಿದ. ಅಡುಗೆಮನೆಗೆ ಹೋಗಿ ಅತ್ತೆ. ದೇವರು ಪಿರಾನ್ಹಾಗಳ ಸಂತಾನ ಹೆಚ್ಚಿಸಲಿ.

ಜೂನ್ 18

ಮತ್ತೆ ಪಿರಾನ್ಹಾ ಸಾರು. ಮುಟ್ಟಲಿಲ್ಲ. ಉಪ್ಪು ಹೆಚ್ಚಾಯಿತೋ ಏನೋ.

ಜೂನ್ 20

ಇವತ್ತು ಬೆಳಗಾಗುವಾಗ ಅದು ಮತ್ತೆ ಕೂಗಿತು. ಅಪ್ಪ ಎದ್ದು ದಿಂಬಿಗೆ ಒರಗಿ ಕೂತಿದ್ದ. ಅನ್ನ, ಹುರುಳಿ, ಒಣಮಾಂಸದ ಚೂರು, ಕೊಟ್ಟದ್ದನ್ನೆಲ್ಲ ತಿಂದ. ತಿನ್ನುತ್ತಲೇ ತನ್ನಷ್ಟಕ್ಕೆ ಮಾತಾಡಿದ.

"ಗಂಟಲು ಕಟ್ಟಿದೆ ಆಸಾಮಿಗೆ."

ಯಾರಿಗೆ ಎಂದು ಕೇಳಿದೆ.

"ಆಚೆ ದಡದವನಿಗೆ. ಹೆಣ್ಣನ್ನ ಕರೀತಾ ಇದಾನೆ. ಎಷ್ಟು ದಿನದಿಂದ ಕರೀತಾ ಇದಾನೋ ಪಾಪ."

ಗಂಡೆಂದು ಹೇಗೆ ಗೊತ್ತು ಎಂದೆ. ನನ್ನನ್ನು ಒಮ್ಮೆ ನೋಡಿ, ಇವಳಿಗೆ ಉತ್ತರ ಕೊಟ್ಟು ಪ್ರಯೋಜನವಿಲ್ಲ ಎಂದು ತೀರ್ಮಾನಿಸಿ, ಬಟ್ಟಲು ಮುಂದಕ್ಕೆ ಚಾಚಿದ. ಇನ್ನಷ್ಟು ಬಡಿಸಿದೆ.

ಅದು ಕೂಗಿದ ದಿನ ಉಣ್ಣುತ್ತಾನೆ, ಕೂಗದ ದಿನ ಇಲ್ಲ. ಇಷ್ಟು ನನ್ನ ತಲೆಗೆ ಹೋಗಲು ಎಷ್ಟೊಂದು ಮೀನು ಸಾಯಬೇಕಾಯಿತು.

ಜೂನ್ 24

ಸಂತ ಜುವಾಂವ್ ಹಬ್ಬ. ಅಮ್ಮ ಪೂಜಿಸುತ್ತಿದ್ದ ಸಂತನ ಪುಟ್ಟ ಮೂರ್ತಿಯನ್ನು ಎತ್ತಿಕೊಂಡು ಹೊಳೆಗೆ ಹೋಗಿ ನಾನೊಬ್ಬಳೇ ಸ್ನಾನ ಮಾಡಿಸಿದೆ. ಪ್ರತಿ ವರ್ಷ ಅಮ್ಮ ಹಾಡುತ್ತಿದ್ದಳು, ನಾನು ಸುಮ್ಮನೆ ನೀರು ಹೊಯ್ದೆ. ಸಂತನ ಮೈ ಒರೆಸಲು ಒಳ್ಳೆಯ ಬಟ್ಟೆ ಬೇಕಿತ್ತು, ಪೆಟ್ಟಿಗೆಯಿಂದ ನನ್ನ ಕಸೂತಿ ಟವಲ್ ತೆಗೆದೆ.

ಸಂತನಲ್ಲಿ ಎರಡು ಬೇಡಿಕೆ ಇಡಬೇಕೆಂದು ಹೋಗಿದ್ದೆ. ಅಪ್ಪ ಉಣ್ಣಲಿ ಎಂಬುದು ಒಂದು, ಆ ಮೃಗ ಸಾಯಲಿ ಎಂಬುದು ಇನ್ನೊಂದು. ಮೊಣಕಾಲುದ್ದ ನೀರಿನಲ್ಲಿ ನಿಂತ ಮೇಲೆ ಹೊಳೆಯಿತು, ಎರಡೂ ಒಟ್ಟಿಗೆ ನಡೆಯುವ ಮಾತಲ್ಲ. ಹಿಂದುಮುಂದು ನೋಡುತ್ತಾ ನಿಂತೆ, ಸಂತನ ಮೂಗು ತಣ್ಣಗಾಗುತ್ತಿತ್ತು. ಕೊನೆಗೆ ಮೊದಲನೆಯದನ್ನಷ್ಟೇ ಕೇಳಿ ಬಂದೆ.

ಮನೆಗೆ ಬರುವಷ್ಟರಲ್ಲಿ ರೇಡಿಯೊದಲ್ಲಿ ಕ್ಲೊಡೊಮೀರೊನ ಉತ್ತರ. 'ಸಂತ ಪೇದ್ರು ಹಬ್ಬ ಕಳೆದ ಮೇಲೆ ಬರುತ್ತೇನೆ. ನಾಯಿಗಳು ಹುಮ್ಮಸ್ಸಿನಲ್ಲಿವೆ. ಗುರುಗಳಿಗೆ ನಮಸ್ಕಾರ.' ಹಬ್ಬಕ್ಕೆ ಇನ್ನೊಂದು ವಾರವೂ ಇಲ್ಲ.

ಜೂನ್ 26

ಇಡೀ ಹೊಳೆಯ ಎದುರು ಕರೆದವನನ್ನು ಬೇಡ ಎನ್ನುವುದು ಹೇಗೆ? ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಅಪ್ಪನಿಗೆ ಜಾಗ್ವಾರ್ ಕೂಗಿದರೆ ಮಾತ್ರ ಊಟ ಸೇರುತ್ತದೆ ಎಂದು ರೇಡಿಯೊದಲ್ಲಿ ಓದಿಸಲೇ? ಮಗಳಿಗೂ ತಲೆ ಕೆಟ್ಟಿತು ಎನ್ನುತ್ತಾರೆ.

ಬೆಳಿಗ್ಗೆಯಿಂದ ಯೋಚಿಸಿ, ಅಡೆಮಾರ್ ಬಂದಾಗ ಈ ಸಂದೇಶ ಕೊಟ್ಟೆ: ನಮ್ಮಲ್ಲಿ ನಾಯಿಗಳಿಗೆ ಅಂಟುರೋಗ ಬಂದಿದೆ, ಯಾರೂ ನಾಯಿ ತರಬೇಡಿ. ಕ್ಲೊಡೊಮೀರೊಗೆ ಹೆಂಡತಿಗಿಂತ ನಾಯಿಗಳು ಹೆಚ್ಚು, ಇದು ಅವನ ಹೆಂಡತಿಯೇ ಹೇಳುವ ಮಾತು.

ಅಡೆಮಾರ್ ಪಿಲೋತೊನನ್ನು ನೋಡಿದ. ಪಿಲೋತೊ ಅವನ ದೋಣಿಯಿಂದ ಬಿದ್ದ ಮೂಳೆಯೊಂದನ್ನು ಕಚ್ಚಿಕೊಂಡು ಅಂಗಳದ ತುಂಬ ಓಡುತ್ತಿದ್ದ.

"ಚೆನ್ನಾಗೇ ಇದಾನಲ್ಲ ದೋನಾ ಡೆಲ್ಮೀರಾ."

"ಅದೇ ರೋಗ," ಎಂದೆ. "ಶುರುವಿನಲ್ಲಿ ಹೀಗೇ ಕುಣಿಸುತ್ತೆ."

ಅವನು ತನ್ನ ದೋಣಿಯ ನಾಯಿಯನ್ನು ತಟ್ಟನೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ದೇವರು ಕ್ಷಮಿಸಲಿ, ನಗು ತಡೆಯಲು ಒದ್ದಾಡಿದೆ.

ಜುಲೈ 2

ಹಬ್ಬ ಕಳೆಯಿತು. ಕ್ಲೊಡೊಮೀರೊ ಬರಲಿಲ್ಲ. ದೇವರು ದೊಡ್ಡವನು. ಅಡೆಮಾರ್ ಈಗ ದಡಕ್ಕೆ ದೋಣಿ ತಾಗಿಸುವುದಿಲ್ಲ, ಅಕ್ಕಿಯ ಚೀಲವನ್ನು ಕೋಲಿನ ತುದಿಗೆ ಸಿಕ್ಕಿಸಿ ಚಾಚುತ್ತಾನೆ.

ಆಚೆ ದಡದಲ್ಲಿ ಮಾತ್ರ ಸದ್ದಿಲ್ಲ.

ಜುಲೈ 4

ಇವತ್ತೂ ಇಲ್ಲ. ಅಪ್ಪ ನೀರು ಮಾತ್ರ ಕುಡಿದ.

ಜುಲೈ 5

ಇಲ್ಲ.

ಜುಲೈ 7

ಆಚೆ ದಡದ ಮೇಲೆ ಬೆಳಿಗ್ಗೆಯಿಂದ ರಣಹದ್ದು ಸುತ್ತುತ್ತಿದ್ದವು. ಯಾರೋ ಹೊಡೆದು ಹಾಕಿದ್ದಾರೆ, ನಾನು ರೇಡಿಯೊದಲ್ಲಿ ಊರಿಗೆಲ್ಲ ಜಾಗ ತೋರಿಸಿ ಕೊಟ್ಟಂತಾಯಿತು ಎಂದುಕೊಂಡೆ. ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು, ಸಣ್ಣ ದೋಣಿ ಬಿಚ್ಚಿ, ಅಂತರಗಂಗೆಯ ಹಾಸು ಸರಿಸಿಕೊಂಡು ಹುಟ್ಟು ಹಾಕಿದೆ. ಬದುಕಿನಲ್ಲಿ ಒಬ್ಬಳೇ ಆ ದಡಕ್ಕೆ ಹೋದವಳಲ್ಲ.

ಸತ್ತದ್ದು ಒಂದು ಮೊಸಳೆ. ಕತ್ತಿನ ಹಿಂದೆ ಬಲವಾದ ಕಡಿತ, ಹೊಟ್ಟೆ ಖಾಲಿ, ಸುತ್ತಲೂ ಆ ಅಗಲದ ಹೆಜ್ಜೆಗಳು. ಎರಡು ದಿನದ ಹಳೆಯವು ಇರಬಹುದು. ಅಂದರೆ ಬದುಕಿದ್ದಾನೆ, ಉಂಡಿದ್ದಾನೆ. ಅಲ್ಲೇ ಶಿಲುಬೆಯ ಗುರುತು ಮಾಡಿಕೊಂಡು ದೇವರಿಗೆ ಧನ್ಯವಾದ ಹೇಳಿದೆ, ಮೊಸಳೆಗೂ ಒಳ್ಳೆಯ ಗತಿ ಬೇಡಿದೆ.

ಪಿಯುವಾ ಮರಗಳು ಆಚೆ ದಡದಲ್ಲಿ ಹೂ ಬಿಟ್ಟಿವೆ, ಎಲೆಯೇ ಇಲ್ಲದೆ ಬರೀ ಗುಲಾಬಿ ಬಣ್ಣ. ಮನೆಯಿಂದ ಕಾಣುವುದಿಲ್ಲ. ಒಂದು ರೆಂಬೆ ಮುರಿದು ತಂದು ಅಪ್ಪನ ತಲೆಯ ಹತ್ತಿರ ಇಟ್ಟೆ. ಹೊಳೆ ದಾಟಿದ್ದೆ, ಹೆಜ್ಜೆ ನೋಡಿದೆ, ಬದುಕಿದ್ದಾನೆ ಎಂದು ಹೇಳಿದೆ. ಕೇಳಿಸಿಕೊಂಡ. ಆದರೆ ಉಣ್ಣಲಿಲ್ಲ. ಕೈ ಹಿಡಿದು ನೋಡಿದೆ, ಮಣಿಕಟ್ಟು ಮಗುವಿನದಷ್ಟು ಸಣ್ಣಗಾಗಿದೆ. ಅಪ್ಪಾ, ನನ್ನನ್ನು ಬಿಟ್ಟು ಹೋಗಬೇಡ. ಇದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ, ಇಲ್ಲಿ ಬರೆದಿದ್ದೇನೆ.

ಜುಲೈ 8

ಅಡುಗೆಮನೆಯ ತೊಲೆಗೆ, ಹೊಗೆಯಲ್ಲಿ ಕಪ್ಪಾಗಿ, ಅಪ್ಪನ ಕೂಗುಬುರುಡೆ ನೇತಾಡುತ್ತಿತ್ತು. ನಾನು ಹುಟ್ಟುವ ಮುಂಚಿನದು. ಒಣಸೋರೆ ಬುರುಡೆಯ ಒಂದು ಬಾಯಿಗೆ ಚರ್ಮ ಬಿಗಿದಿದೆ, ಚರ್ಮದ ನಡುವಿನಿಂದ ಒಂದು ಹುರಿ ಇಳಿದಿದೆ. ಆ ಹುರಿಯನ್ನು ಬೆರಳಲ್ಲಿ ಹಿಡಿದು ಜಾರಿಸಿ ಎಳೆದರೆ ಬುರುಡೆ ಜಾಗ್ವಾರಿನಂತೆ ಕೂಗುತ್ತದೆ. ಅದನ್ನು ಕೇಳಿ ಕಾಡಿನಲ್ಲಿರುವುದು ಬರುತ್ತದೆ, ಬಂದದ್ದನ್ನು ಈಟಿಯವನು ಎದುರುಗೊಳ್ಳುತ್ತಾನೆ. ಅಮ್ಮನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಇಳಿಸಿ ನೋಡಿದರೆ ಹುರಿ ಲಡ್ಡಾಗಿತ್ತು. ಹೆಣ್ಣು ಕುದುರೆಯ ಬಾಲದಿಂದ ಕೂದಲು ಕಿತ್ತು (ಅವಳೂ ಒದ್ದಳು, ಈ ಮನೆಯಲ್ಲಿ ನನ್ನನ್ನು ಒದೆಯದ ಪ್ರಾಣಿಯಿಲ್ಲ) ಹೊಸ ಹುರಿ ಹೊಸೆದೆ. ಕತ್ತರಿ ಪೆಟ್ಟಿಗೆಯಲ್ಲಿತ್ತು, ತೆಗೆದೆ. ಬಿಸಿಲು ಇಳಿಯುವ ಹೊತ್ತಿಗೆ ಮಾವಿನ ಮರದ ಹಿಂದೆ, ಹೊಳೆಯಂಚಿನಲ್ಲಿ ಕೂತು ಎಳೆದೆ. ಕೂಗಿಗಿಂತ ಕೆಟ್ಟದಾಗಿ ಏನೋ ಒಂದು ಬಂತು. ಮತ್ತೆ ಎಳೆದೆ. ಅಪ್ಪ ನಂಬಿದರೆ ಸಾಕು ಎಂಬುದೇ ನನ್ನ ಪ್ರಾರ್ಥನೆ.

ಒಳಗೆ ಹೋದರೆ ಅಪ್ಪ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ.

"ಯಾರ ಮನೆ ಹಂದಿಗೆ ಹೊಟ್ಟೆನೋವು?"

ನಾನು ಬುರುಡೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತೆ. ಐವತ್ತು ದಾಟಿದ ಹೆಂಗಸು.

"ಮೇಣ ಹಚ್ಚದೆ ಎಳೆದರೆ ಇನ್ನೇನಾಗುತ್ತೆ? ಇಲ್ಲಿ ಕೊಡು. ಜೇನುಮೇಣ ಎಲ್ಲಿ?"

ಹಾಗೆಂದು ನಕ್ಕ. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ಮೊದಲ ನಗು. ನಗುತ್ತಾ ಕೆಮ್ಮು ಬಂತು, ಕೆಮ್ಮಿನ ನಡುವೆ ಹಸಿವಾಗುತ್ತಿದೆ ಎಂದ. ಮರಗೆಣಸು ಬೇಯಿಸಿ ಬೆಣ್ಣೆ ಹಚ್ಚಿ ಕೊಟ್ಟೆ. ಈ ದಿನಕ್ಕೆ ನಾನು ಯಾರಿಗೆ ಋಣಿಯಾಗಲಿ? ಸೋರೆಗೆ, ಜೇನುಹುಳಕ್ಕೆ, ಕುದುರೆಗೆ, ಎಲ್ಲರಿಗೂ.

ಜುಲೈ 13

ದಿನಾ ಬೆಳಿಗ್ಗೆ ಸಂಜೆ ಪಾಠ. ಅಪ್ಪ ಈಗ ಜಗಲಿಯವರೆಗೆ ನಡೆದು ಬಂದು ಕುರ್ಚಿಯಲ್ಲಿ ಕೂರುತ್ತಾನೆ, ಕೊಂಬಿನ ಲೋಟದಲ್ಲಿ ತಣ್ಣನೆಯ ಎಲೆಕಷಾಯ ತೆರೆರೆ ಹೀರುತ್ತಾ ನನ್ನನ್ನು ಬೈಯುತ್ತಾನೆ. ಹೆಬ್ಬೆರಳು ಸಡಿಲ ಬಿಡು. ಉಸಿರಿನ ಜೊತೆ ಎಳೆ. ಹೆಣ್ಣು ಹಾಗೆ ಗೋಗರೆಯಲ್ಲ, ಅವಳಿಗೆ ಠೀವಿ ಇರುತ್ತೆ. ನಾನು ಹೆಣ್ಣಿನ ಕೂಗು ಕಲಿಯುತ್ತಿದ್ದೇನಂತೆ. ಗಂಡಿನದು ನನ್ನ ಕೈಗೆ ಬರುವುದಿಲ್ಲವಂತೆ. ಆಚೆ ದಡದವನು ಮೊನ್ನೆಯಿಂದ ಮತ್ತೆ ಕೂಗುತ್ತಿದ್ದಾನೆ, ನನ್ನ ಬುರುಡೆಗೆ ಮಾತ್ರ ಇನ್ನೂ ಓಗೊಟ್ಟಿಲ್ಲ.

ಬೈಗುಳದ ಜೊತೆಗೇ ಉಣ್ಣುತ್ತಾನೆ. ಹಾಗಾಗಿ ಬೈಗುಳವೆಲ್ಲ ನನಗೆ ಪ್ರಸಾದ.

ಇವತ್ತು ಒಂದು ನೇಮ ಹೇಳಿಕೊಟ್ಟ. ಬುರುಡೆಯವರಲ್ಲಿ, ಯಾರ ಕೂಗಿಗೆ ಮೃಗ ಓಗೊಟ್ಟಿತೋ ಅದರ ಲೆಕ್ಕ ಅವರದು. ಬೇರೆಯವನು ಈಟಿ ಎತ್ತಬೇಕಾದರೂ, ಕೋವಿ ಎತ್ತಬೇಕಾದರೂ ಅವರ ಒಪ್ಪಿಗೆ ಬೇಕು. ಕ್ಲೊಡೊಮೀರೊಗೂ ಮೊದಲ ದಿನ ಇದನ್ನೇ ಕಲಿಸಿದ್ದನಂತೆ.

ನಾನು ಸುಮ್ಮನೆ ಕೇಳಿದೆ, ಆಚೆ ದಡದವನಿಗೆ ಇಷ್ಟು ದಿನವಾದರೂ ಒಂದು ಹೆಣ್ಣೂ ಯಾಕೆ ಓಗೊಡುವುದಿಲ್ಲ ಎಂದು. ಅಪ್ಪ ತೆರೆರೆ ಹೀರುವುದು ನಿಲ್ಲಿಸಿದ.

"ಎಲ್ಲಿಂದ ಓಗೊಡಬೇಕು? ಇದ್ದವನ್ನೆಲ್ಲ ನಾನು ಕರೆದೆ. ತಮ್ಮವರೇ ಕರೀತಿದಾರೆ ಅಂತ ನಂಬಿ ಬಂದವು. ಬಂದವು ವಾಪಸ್ ಹೋಗಲಿಲ್ಲ."

ಲೋಟ ಕೆಳಗಿಟ್ಟು ಮತ್ತೆ ಹೇಳಿದ.

"ನಿಮ್ಮಮ್ಮನ ಮಂಚದ ಕಡೆ ತಿರುಗಿ ನಾನೂ ಹಾಗೇ ಕರೆದೆ, ಡೆಲ್ಮೀರಾ. ಯಾರೂ ಓ ಅನ್ನಲಿಲ್ಲ. ಆಮೇಲೆ ಇವನು ಕೂಗೋದು ಕೇಳಿಸ್ತು. ನನ್ನಂಥವನು ಇನ್ನೊಬ್ಬ ಇದಾನಲ್ಲ, ಅವನಿಗೆ ಏನಾಗುತ್ತೋ ನೋಡೋಣ ಅನ್ನಿಸ್ತು."

ನಾನು ಅವನ ಕಾಲಿಗೆ ಎಣ್ಣೆ ತಿಕ್ಕಿದೆ.

ಕೊಟ್ಟಿಗೆಯ ಬೇಲಿ ಎತ್ತರಿಸಿ ಮುಳ್ಳು ಹೊದಿಸಿದ್ದೇನೆ. ಕತ್ತಲಾಗುವ ಮುಂಚೆ ದನಗಳನ್ನೆಲ್ಲ ಒಳಗೆ ಕೂಡುತ್ತೇನೆ. ಅವನ ದಾರಿಯಲ್ಲಿ ಕರು ಬಿಟ್ಟು ಆಮೇಲೆ ಅವನನ್ನೇ ಬೈದರೆ ಹೇಗೆ?

ಜುಲೈ 17

ಇವತ್ತಿನದನ್ನು ಇವತ್ತೇ ಬರೆಯಬೇಕು.

ಮಧ್ಯಾಹ್ನ ಊಟದ ಹೊತ್ತಿಗೆ ಕ್ಲೊಡೊಮೀರೊನ ದೋಣಿ ಬಂತು. ನಾಯಿಗಳಿಲ್ಲ. ಕೋವಿ ಇದೆ, ಅವನದೇ ಒಂದು ಬುರುಡೆಯೂ ಇದೆ. ಅಂಗಳಕ್ಕೆ ಬಂದವನು ಮೊದಲು ಪಿಲೋತೊನ ಬಾಯಿ ಬಿಡಿಸಿ ವಸಡು ನೋಡಿದ. ವಾಸಿಯಾಯಿತು ಎಂದೆ. ಒಳ್ಳೆಯದಾಯಿತು ಕೊಮಾದ್ರೆ ಎಂದ. ಮಗಳ ಧರ್ಮಪಿತನಾದ್ದರಿಂದ ನನ್ನನ್ನು ಹಾಗೆಯೇ ಕರೆಯುತ್ತಾನೆ.

ಅವನನ್ನು ಎಳೆದು ತಂದದ್ದು ನಾನೇ ಎಂದು ಊಟದ ನಡುವೆ ಗೊತ್ತಾಯಿತು. ಕೆಳಗಿನ ತಿರುವಿನಲ್ಲಿ ಮೀನು ಹಿಡಿಯುವವರು ಅವನಿಗೆ ಹೇಳಿದ್ದರಂತೆ, ಇಪೋಲಿತೊನ ದಡದಲ್ಲಿ ಹೆಣ್ಣು ಜಾಗ್ವಾರೊಂದು ಬಂದು ಸೇರಿದೆ, ಬೆಳಿಗ್ಗೆ ಸಂಜೆ ಕೂಗುತ್ತದೆ ಎಂದು. ನಾನು ತಟ್ಟೆ ನೋಡುತ್ತಾ ಕೂತೆ. ಹೆದರಿಕೆಯ ಕೆಳಗೆ ಸ್ವಲ್ಪ ಹೆಮ್ಮೆಯೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ, ಮೀನಿನವರನ್ನು ಮೋಸ ಮಾಡುವುದು ಸುಲಭವಲ್ಲ.

ಅಪ್ಪ ಮಾತ್ರ ಶಿಷ್ಯನ ಜೊತೆ ಖುಷಿಯಾಗಿ ಹಳೆಯ ಕಥೆ ಹೊಡೆಯುತ್ತಾ ಕೂತ. ಬಿಸಿಲು ಇಳಿಯಿತು. ಕ್ಲೊಡೊಮೀರೊ ಕೋವಿಗೆ ಗುಂಡು ತುಂಬಿ ಕಂಬಕ್ಕೆ ಒರಗಿಸಿದ. ಮೊದಲು ಇಲ್ಲಿಂದಲೇ ಕೂಗಿ ಅದು ಎಲ್ಲಿದೆ ಎಂದು ತಿಳಿದುಕೊಂಡು, ಆಮೇಲೆ ದೋಣಿಯಲ್ಲಿ ಹೋಗುತ್ತೇನೆ ಎಂದು ತನ್ನ ಬುರುಡೆ ಎತ್ತಿಕೊಂಡ.

ಅಪ್ಪ ಕೈ ಅಡ್ಡ ಹಿಡಿದ. "ನೀನು ಬೇಡ. ಡೆಲ್ಮೀರಾ ಕೂಗಲಿ."

ಕ್ಲೊಡೊಮೀರೊ ನನ್ನನ್ನು ನೋಡಿದ. ಆಗ ಅವನಿಗೆ ಕೆಳಗಿನ ತಿರುವಿನ ಹೆಣ್ಣು ಯಾರೆಂದು ಅರ್ಥವಾಯಿತು. ನಗತೊಡಗಿದವನು ಅಪ್ಪನ ಮುಖ ನೋಡಿ ತನ್ನ ಬುರುಡೆ ಕೆಳಗಿಟ್ಟ.

ನಾನು ಒಲ್ಲೆ ಎಂದೆ. ಅಪ್ಪನ ಮೇಲೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. ಪಾಪದ್ದು, ಗಂಟಲು ಒಡೆಯುವಂತೆ ಕರೆಯುತ್ತಿರುವುದು, ನನ್ನ ದನಿ ನಂಬಿ ಬಂದು ಇವನ ಗುಂಡಿಗೆ ಬೀಳಲಿ ಎಂದೇ ಇಷ್ಟು ದಿನ ಕಲಿಸಿದ್ದು? ಅಪ್ಪ ನನ್ನನ್ನೇ ನೋಡುತ್ತಾ, "ಕಲಿಸಿದ್ದನ್ನ ನೆನಪಿಟ್ಟುಕೊಂಡು ಚೆನ್ನಾಗಿ ಕೂಗು," ಎಂದ. ಅಳುತ್ತಲೇ ಬುರುಡೆ ತಂದು ಮಾವಿನ ಮರದ ಹತ್ತಿರ ಕೂತೆ. ಕೆಟ್ಟದಾಗಿ ಎಳೆಯೋಣ ಎಂದುಕೊಂಡೆ. ಆದರೆ ಮೇಣ ಹಚ್ಚಿದ ಹುರಿ ನನ್ನ ಮಾತು ಕೇಳಲಿಲ್ಲ. ಅದು ಎಂದೂ ಬಾರದಷ್ಟು ಚೆನ್ನಾಗಿ ಬಂತು.

ಹೊಳೆ ಸುಮ್ಮನಿತ್ತು. ಬರಬೇಡ, ಬರಬೇಡ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಆಗ ಆಚೆ ದಡದಿಂದ, ತೀರ ನೀರಿನ ಅಂಚಿನಿಂದ, ಆ ಒರಟು ಗಂಟಲು ಓಗೊಟ್ಟಿತು. ಒಂದಲ್ಲ, ಮೇಲಿಂದ ಮೇಲೆ. ಹುಲ್ಲು ಸರಿದು ಅವನು ಹೊರಗೆ ಬಂದ. ಮೊದಲ ಸಲ ಅವನನ್ನು ಪೂರ್ತಿ ನೋಡಿದೆ. ದೊಡ್ಡ ತಲೆ, ಸಂಜೆಬಿಸಿಲು ಬಿದ್ದ ಮೈ, ಕಿವಿಯೊಂದು ಹರಿದಿದೆ. ನೀರಿಗೆ ಕಾಲಿಟ್ಟು ನಮ್ಮ ಕಡೆಯೇ ನೋಡುತ್ತಿದ್ದ.

ಕ್ಲೊಡೊಮೀರೊ ಆಗಲೇ ಕೋವಿ ಭುಜಕ್ಕೆ ಏರಿಸಿದ್ದ.

"ಯಾರ ಕೂಗಿಗೆ ಬಂದ ಅವನು?" ಅಪ್ಪ ಕುರ್ಚಿಯಿಂದಲೇ ಕೇಳಿದ. ದನಿ ಏರಿಸಲಿಲ್ಲ.

ಕೋವಿ ಹಾಗೇ ನಿಂತಿತು. ಆಮೇಲೆ ನಿಧಾನವಾಗಿ ಇಳಿಯಿತು. ಕ್ಲೊಡೊಮೀರೊ ಟೋಪಿ ತೆಗೆದು ನನ್ನ ಕಡೆ ತಿರುಗಿದ.

"ನಿಮ್ಮ ಲೆಕ್ಕ, ಕೊಮಾದ್ರೆ. ಹೇಳಿ, ಏನ್ ಮಾಡಲಿ?"

ಆಗ ಗೊತ್ತಾಯಿತು ಅಪ್ಪ ಏನು ಮಾಡಿದನೆಂದು. ಕ್ಲೊಡೊಮೀರೊ ಕೂಗಿದ್ದರೆ ಅದು ಅವನ ಲೆಕ್ಕವಾಗುತ್ತಿತ್ತು, ತಡೆಯಲು ಅಪ್ಪನಿಗೂ ಬಾಯಿರುತ್ತಿರಲಿಲ್ಲ.

"ಬಿಟ್ಟುಬಿಡಿ," ಎಂದೆ.

"ರೇಡಿಯೊದಲ್ಲಿ ಹೇಳಿ ಕರೆಸಿದ್ದು ನೀವೇ ಅಲ್ವಾ?"

"ಅದು ಕಾಡುಹಂದಿಗೆ. ಹಂದಿ ಕಂಡರೆ ಹೊಡೀರಿ, ನಾನು ಬೇಡ ಅನ್ನಲ್ಲ."

ಅವನು ಗುಂಡು ತೆಗೆದು ಜೇಬಿಗೆ ಹಾಕಿಕೊಂಡ. ಆಚೆಯವನು ಇನ್ನೂ ನೀರಿನಲ್ಲಿ ನಿಂತೇ ಇದ್ದ, ಇನ್ನೊಮ್ಮೆ ಕೂಗಿದ. ಅಪ್ಪ ಕ್ಲೊಡೊಮೀರೊನ ತೊಡೆ ತಟ್ಟಿದ.

"ನೋಡು, ನನ್ನ ಮಗಳನ್ನ ಹೇಗೆ ಕರೀತಿದಾನೆ. ಮನೆ ಅಳಿಯನಿಗೆ ಯಾರಾದ್ರೂ ಗುಂಡು ಹೊಡೀತಾರೇನೋ?"

ಮೂವರೂ ನಕ್ಕೆವು, ಆಚೆ ದಡದವನು ಬೇಸರಪಟ್ಟುಕೊಂಡು ಹುಲ್ಲಿನೊಳಗೆ ಹೋಗುವವರೆಗೂ ನಕ್ಕೆವು. ಕ್ಲೊಡೊಮೀರೊ, ನೀನು ಮಾತಿಗೆ ನಿಂತವನು, ನಿನ್ನ ನಾಯಿಗಳು ನೂರು ವರ್ಷ ಬದುಕಲಿ.

ಜುಲೈ 29

ಇಡೀ ಹೊಳೆಯ ಎದುರು ಮಾನ ಹೋಯಿತು. ಮಧ್ಯಾಹ್ನದ ರೇಡಿಯೊದಲ್ಲಿ: 'ಕ್ಲೊಡೊಮೀರೊ ಅವರಿಂದ ಡೆಲ್ಮೀರಾ ಅವರಿಗೆ: ಅಳಿಯಂದಿರು ಕ್ಷೇಮವೆಂದು ಭಾವಿಸುತ್ತೇನೆ. ಅವರು ತಿಂದದ್ದಕ್ಕೆ ಬದಲಾಗಿ ಅಡೆಮಾರ್ ಕೈಯಲ್ಲಿ ಒಂದನ್ನು ಕಳಿಸಿದ್ದೇನೆ.'

ಅಡೆಮಾರ್ ತಂದದ್ದು ತಾಯಿ ಸತ್ತ ಒಂದು ಕರು. ಮಿಮೋಸಾ ಮೊದಲು ಮೂಸಿ ದೂಡಿದಳು. ಅವಳ ಮೈಯ ಬೆವರನ್ನೇ ಕರುವಿಗೆ ಒರೆಸಿ, ಬೆನ್ನಿಗೆ ಉಪ್ಪು ಸವರಿ ಮತ್ತೆ ಬಿಟ್ಟೆ. ನೆಕ್ಕಿದಳು. ಸಂಜೆ ಹಾಲಿಳಿಸಿದಳು. ಕರುವನ್ನು ಅಡುಗೆಮನೆಯ ಪಕ್ಕದ ಕೋಣೆಯಲ್ಲೇ ಕಟ್ಟುತ್ತೇನೆ. ಅಳಿಯನಾದರೂ ನಂಬಿಕೆಗೆ ಒಂದು ಮಿತಿ ಇರಬೇಕು.

ಇವೊನೇತಿ ಅಡೆಮಾರ್ ಕೈಯಲ್ಲಿ ಯಾವಾಗ ಬರುತ್ತೀಯಮ್ಮ ಎಂದು ಕೇಳಿ ಕಳಿಸಿದ್ದಾಳೆ. ಮರಗೆಣಸು ನೆಡುವ ಕೆಲಸವಿದೆ, ನೀನೇ ಮಕ್ಕಳನ್ನು ಕರೆದುಕೊಂಡು ಬಾ ಎಂದು ಹೇಳಿದೆ. ಪೆಟ್ಟಿಗೆ ಕೊಡಿ, ಈ ಸಲವಾದರೂ ಒಯ್ಯುತ್ತೇನೆ ಎಂದ ಅಡೆಮಾರ್. ಆಗುವುದಿಲ್ಲ, ಅದರಲ್ಲಿ ಕೋಳಿ ಕಾವಿಗೆ ಕೂತಿದೆ.

ಆಗಸ್ಟ್ 10

ಬೆಳಿಗ್ಗೆ ಒಲೆಯ ಮೇಲೆ ಗಂಜಿ ಇಟ್ಟು ತಿರುವುತ್ತಿದ್ದೆ. ಅಪ್ಪ ಜಗಲಿಯಲ್ಲಿದ್ದ. ಆಚೆ ದಡದವನು ಕೂಗಿದ, ಎಂದಿನಂತೆ, ಎಂದಿನ ಜಾಗದಿಂದ.

ಆಮೇಲೆ ಇನ್ನೊಂದು ಕೂಗು. ದೂರದಿಂದ, ಹೊಳೆಯ ಮೇಲಿನ ತಿರುವಿನ ಕಡೆಯಿಂದ. ಗೋಗರೆಯುವುದಲ್ಲ, ಠೀವಿಯದು.

"ಚೆನ್ನಾಗಿ ಬಂತು ಈ ಸಲ," ಅಪ್ಪ ಹೊರಗಿನಿಂದ ಹೇಳಿದ. "ಇಷ್ಟು ಚೆನ್ನಾಗಿ ನಾನೂ ಕೂಗಿದ್ದಿಲ್ಲ."

ನಾನು ಸೌಟು ಹಿಡಿದುಕೊಂಡೇ ಜಗಲಿಗೆ ಹೋಗಿ ಅವನ ಮುಂದೆ ನಿಂತೆ.

"ನಾನು ಇಲ್ಲೇ ಇದೀನಪ್ಪ."

ಅಪ್ಪ ನನ್ನನ್ನು ನೋಡಿದ, ಸೌಟನ್ನು ನೋಡಿದ. ಮೇಲಿನ ತಿರುವಿನಿಂದ ಅವಳು ಮತ್ತೆ ಕೂಗಿದಳು, ಈಗ ಇನ್ನೂ ಹತ್ತಿರದಿಂದ. ಆಚೆ ದಡದವನು ಉಸಿರು ಬಿಡದೆ ಓಗೊಟ್ಟ. ಅಪ್ಪನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನೂ ಒರೆಸಲಿಲ್ಲ. ಒಂದಾದರೂ ಉಳಿದಿತ್ತು. ಎಲ್ಲಿಂದ ಬಂದಳೋ, ಯಾರೆಲ್ಲ ಅವಳನ್ನು ಕೊಲ್ಲದೆ ಬಿಟ್ಟರೋ, ಆ ಎಲ್ಲರ ಮನೆ ತಣ್ಣಗಿರಲಿ.

ಬಹಳ ಹೊತ್ತಿನ ಮೇಲೆ ಅಪ್ಪ ಬುರುಡೆ ತರಲು ಹೇಳಿದ. ತಂದು ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ನಾನು ಹೊಸೆದ ಹುರಿಯ ಗಂಟನ್ನು ತಾನೇ ಬಿಚ್ಚಿ, ಹುರಿಯನ್ನು ಪೂರ್ತಿ ಹೊರಗೆಳೆದು ನನ್ನ ಕೈಗೆ ಕೊಟ್ಟ.

"ಇನ್ನು ನಾವು ಮಧ್ಯೆ ಬಾಯಿ ಹಾಕಬಾರದು."

ಒಳಗೆ ಗಂಜಿ ತಳ ಹಿಡಿದ ವಾಸನೆ ಬರುತ್ತಿತ್ತು. ಸೀದುಹೋಯಿತಲ್ಲ, ಬೇರೆ ಮಾಡುತ್ತೇನೆ ಎಂದೆ. ಅದನ್ನೇ ತಾ, ಕಾಯುವಷ್ಟು ಪುರುಸೊತ್ತಿಲ್ಲ, ಹಸಿವಾಗಿದೆ ಎಂದ ಅಪ್ಪ.